ಐವತ್ತು ದಿನಗಳ ಪಾಠ

ಇಂಗ್ಲೆಂಡಿಗೂ ವೇಲ್ಸಿಗೂ ನಡುವಿನ ಗಡಿಯಲ್ಲಿ ನೈಟನ್ ಎಂಬ ಸಣ್ಣ ಊರು. ಅಲ್ಲಿನ ಒಂದು ಮನೆಯಲ್ಲಿ ಗೋಲ್ಡ್‌ಫಿಂಚ್ ಹಕ್ಕಿಯೊಂದನ್ನು ಸಾಕಿದ್ದರು. ಕೆಂಪು ಮೋರೆ, ರೆಕ್ಕೆಯ ಮೇಲೆ ಹಳದಿ ಪಟ್ಟಿ, ನೋಡಲು ಅಪ್ಪಟ ಗೋಲ್ಡ್‌ಫಿಂಚೇ. ಬಾಯಿ ತೆರೆದರೆ ಮಾತ್ರ ರೆನ್ ಹಕ್ಕಿಯ ಹಾಡು. ತನ್ನ ಕುಲದ ಒಂದು ಸ್ವರವೂ ಅದಕ್ಕೆ ಬರುತ್ತಿರಲಿಲ್ಲ. ಆ ಕಡೆ ಹೋಗಿದ್ದ ವಕೀಲರೊಬ್ಬರು ಇದೇನು ಸೋಜಿಗವೆಂದು ಮನೆಯವರನ್ನು ವಿಚಾರಿಸಿದರು. ಎರಡು-ಮೂರು ದಿನದ ಮರಿಯಾಗಿದ್ದಾಗಲೇ ಅದನ್ನು ಗೂಡಿನಿಂದ ತಂದಿದ್ದರಂತೆ. ಪಂಜರವನ್ನು ಕೈತೋಟದ ಕಡೆಗಿದ್ದ ಕಿಟಕಿಗೆ ತೂಗುಹಾಕಿದ್ದರಂತೆ. ತೋಟದ ರೆನ್ ಹಾಡಿದ್ದನ್ನು ಕೇಳುತ್ತ ಬೆಳೆದ ಮರಿ ಅದನ್ನೇ ಕಲಿತಿತ್ತು.

ಆ ವಕೀಲರ ಹೆಸರು ಡೇನ್ಸ್ ಬ್ಯಾರಿಂಗ್ಟನ್. ಕಾನೂನು ಅವರ ವೃತ್ತಿ, ಕುತೂಹಲ ಪ್ರವೃತ್ತಿ. 1765ರಲ್ಲಿ ಲಂಡನ್ನಿಗೆ ಬಂದಿದ್ದ ಬಾಲಕ ಮೊಜಾರ್ಟ್‌ನನ್ನು ಕೂರಿಸಿಕೊಂಡು, ಹುಡುಗನ ಸಂಗೀತದ ಕೌಶಲ ನಿಜವೋ ಅಪ್ಪನ ಗಾರುಡಿಯೋ ಎಂದು ಪರೀಕ್ಷೆ ಮಾಡಿ ರಾಯಲ್ ಸೊಸೈಟಿಗೆ ವರದಿ ಒಪ್ಪಿಸಿದವರೂ ಇವರೇ. ಹಕ್ಕಿಗಳ ವಿಷಯದಲ್ಲೂ ಅವರದು ಅದೇ ಪಾಟೀಸವಾಲಿನ ಸ್ವಭಾವ. ಹಾಡು ಹುಟ್ಟಿನೊಂದಿಗೆ ಬರುತ್ತದೆ ಎಂದು ಎಲ್ಲರೂ ಹೇಳುತ್ತಾರಲ್ಲ, ಸಾಕ್ಷಿ ಎಲ್ಲಿದೆ?

ಲಿನೆಟ್ ಮರಿಗಳನ್ನು ಗೂಡಿನಿಂದ ತೆಗೆದು ಸ್ಕೈಲಾರ್ಕ್, ವುಡ್‌ಲಾರ್ಕ್, ಟಿಟ್‌ಲಾರ್ಕ್‌ಗಳ ಪಕ್ಕದಲ್ಲಿ ಬೆಳೆಸಿದರು. ಮರಿಗಳು ಬೆಳೆದು ಹಾಡಿದ್ದು ಆಯಾ ಸಾಕುಗುರುವಿನ ಹಾಡನ್ನು. ಆಫ್ರಿಕಾದಿಂದ ತಂದಿದ್ದ ಫಿಂಚ್ ಜಾತಿಯೊಂದರ ಪಕ್ಕ ಬೆಳೆದ ಲಿನೆಟ್ ಆ ಪರದೇಶಿ ಹಾಡನ್ನೇ ಕಲಿಯಿತು. ಆಮೇಲೆ ಸ್ವಂತ ಕುಲದ ಲಿನೆಟ್‌ಗಳ ಜೊತೆ ಇಟ್ಟರೂ ಬದಲಾಗಲಿಲ್ಲ. ಲಂಡನ್ನಿನ ಕೆನ್ಸಿಂಗ್ಟನ್ನಿನಲ್ಲಿ ಔಷಧ ವ್ಯಾಪಾರಿಯೊಬ್ಬನ ಲಿನೆಟ್‌ಗೆ ಕೇಳಲು ಬೇರೆ ಹಕ್ಕಿಯೇ ಇರಲಿಲ್ಲ. ಅದು ಮನುಷ್ಯರ ಮಾತನ್ನೇ ಹಿಡಿದು, ಇನ್ನೇನು ‘ಪ್ರೆಟಿ ಬಾಯ್’ ಎಂದೇಬಿಟ್ಟಿತು ಎನ್ನುವ ಮಟ್ಟಿಗೆ ಉಲಿಯುತ್ತಿತ್ತು. ಇದನ್ನೆಲ್ಲ ಸೇರಿಸಿ ಬ್ಯಾರಿಂಗ್ಟನ್ ಬರೆದ ದೀರ್ಘ ಪತ್ರ 1773ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು.

ಆ ಪತ್ರದಲ್ಲಿ ನನಗೆ ತುಂಬ ಇಷ್ಟವಾಗುವುದು ಪ್ರಯೋಗಕ್ಕಿಂತ ಹೆಚ್ಚಾಗಿ ಅವರ ಪಟ್ಟು. ಹಾಡು ಎಂದರೆ ಏನೆಂದು ಮೊದಲು ತೀರ್ಮಾನವಾಗಲಿ ಎಂದು, ಲೋಲಕವೊಂದು ನಾಲ್ಕು ಸೆಕೆಂಡು ತೂಗುವಷ್ಟು ಹೊತ್ತು ತಡೆಯಿಲ್ಲದೆ ಹೊರಡುವ ಮೂರೋ ಹೆಚ್ಚೋ ಸ್ವರಗಳ ಸಾಲು ಎಂದು ವ್ಯಾಖ್ಯೆ ಕೊಡುತ್ತಾರೆ. ಲಂಡನ್ನಿನ ಹಕ್ಕಿ ಹಿಡಿಯುವವರ ಬಾಯಲ್ಲಿದ್ದ ಮಾತುಗಳನ್ನು ಸಂಕೋಚವಿಲ್ಲದೆ ಎತ್ತಿಕೊಳ್ಳುತ್ತಾರೆ. ಎಳೆಯ ಹಕ್ಕಿ ತಿಂಗಳುಗಟ್ಟಲೆ ತನ್ನಷ್ಟಕ್ಕೆ ತಾನೇ ಗೊಣಗುವ ತೊದಲು ಹಾಡಿಗೆ ಆ ಜನ ಒಂದು ಹೆಸರು ಇಟ್ಟಿದ್ದರು. ಕೂಸು ಮಾತು ಕಲಿಯುವ ಮುಂಚೆ ತೊದಲುವುದಕ್ಕೂ ಇದಕ್ಕೂ ಹೋಲಿಕೆಯಿದೆ ಎಂದು ಬ್ಯಾರಿಂಗ್ಟನ್ ಅಂದೇ ಗುರುತಿಸಿದರು. ಹಕ್ಕಿ ಹಿಡಿದು ಮಾರಿ ಹೊಟ್ಟೆ ಹೊರೆಯುತ್ತಿದ್ದವರಿಗೆ ಯಾವ ಮರಿಯನ್ನು ಯಾವಾಗ ಹಿಡಿದರೆ ಏನು ಕಲಿಯುತ್ತದೆಂಬುದು ಸಂಪಾದನೆಯ ಪ್ರಶ್ನೆ. ವಿಜ್ಞಾನಿಗಳಿಗೆ ಅದು ಪ್ರಶ್ನೆಯಾಗಲು ಇನ್ನೂ 180 ವರ್ಷ ಹಿಡಿಯಿತು.

ಅಷ್ಟು ತಡವಾಗಲು ಕಾರಣ ಉದಾಸೀನವಲ್ಲ. ಚಾರ್ಲ್ಸ್ ಡಾರ್ವಿನ್ 1871ರಲ್ಲಿ ಮನುಷ್ಯನ ಹುಟ್ಟಿನ ಬಗ್ಗೆ ಬರೆಯುವಾಗ ಬ್ಯಾರಿಂಗ್ಟನ್ನರನ್ನು ನೆನೆದು, ಹಕ್ಕಿಯ ಹಾಡನ್ನು ಭಾಷೆಯ ಪಕ್ಕದಲ್ಲೇ ಇಟ್ಟು ನೋಡಿದ್ದರು. ತೊಡಕು ಬೇರೆಯದು. ಹಾಡು ಗಾಳಿಯಲ್ಲಿ ಹುಟ್ಟಿ ಗಾಳಿಯಲ್ಲೇ ಕರಗಿಹೋಗುತ್ತಿತ್ತು. ಈ ಹಾಡೂ ಆ ಹಾಡೂ ಒಂದೇ ಎಂದು ಒಬ್ಬನ ಕಿವಿ ಹೇಳಿದರೆ, ಇಲ್ಲ ಎನ್ನಲು ಇನ್ನೊಬ್ಬನಿಗೂ ಕಿವಿಯ ಹೊರತು ಬೇರೆ ಆಧಾರವಿರಲಿಲ್ಲ. ಕೆಲವರು ಸಂಗೀತದ ಸ್ವರಲಿಪಿಯಲ್ಲಿ ಬರೆದರು, ಕೆಲವರು ಅಕ್ಷರಗಳಲ್ಲಿ. ಒಬ್ಬರ ಬರಹ ಇನ್ನೊಬ್ಬರಿಗೆ ಅರ್ಥವಾಗುತ್ತಿರಲಿಲ್ಲ.

1889ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಲುಡ್ವಿಗ್ ಕಾಖ್ ಎಂಬ ಹುಡುಗ ಎಡಿಸನ್ ಯಂತ್ರದ ಮೇಣದ ಉರುಳೆಯ ಮೇಲೆ ಮನೆಯಲ್ಲಿ ಸಾಕಿದ್ದ ಹಕ್ಕಿಯ ಹಾಡನ್ನು ಹಿಡಿದ. ನಮಗೆ ತಿಳಿದಂತೆ ಲೋಕದ ಮೊಟ್ಟಮೊದಲ ಹಕ್ಕಿಹಾಡಿನ ಧ್ವನಿಮುದ್ರಣ ಅದು. ಹಾಡಿದ ಹಕ್ಕಿ ಯುರೋಪಿನದಲ್ಲ, ಭಾರತದ ಶಾಮ. ನಮ್ಮ ಪಶ್ಚಿಮ ಘಟ್ಟದ ಬಿದಿರು ಮೆಳೆಗಳಲ್ಲಿ ಇಂದಿಗೂ ಹಾಡುವ, ಉದ್ದ ಬಾಲದ, ಬೆನ್ನಿನ ಬುಡ ಬೆಳ್ಳಗಿರುವ ಅದೇ ಶಾಮ. ಕಾಖ್ ಮುಂದೆ ನಾಜಿಗಳ ಕಾಲದಲ್ಲಿ ದೇಶ ಬಿಟ್ಟು ಇಂಗ್ಲೆಂಡ್ ಸೇರಿ, ಬಿಬಿಸಿ ರೇಡಿಯೋದಲ್ಲಿ ಹಕ್ಕಿಗಳ ದನಿ ಕೇಳಿಸಿ ಮನೆಮಾತಾದರು. ಧ್ವನಿಯನ್ನು ಹಿಡಿದಿಡಬಹುದೆಂದು ಇದರಿಂದ ಗೊತ್ತಾಯಿತು. ಅದನ್ನು ಕಣ್ಣಿಗೆ ಕಾಣಿಸುವುದು ಇನ್ನೂ ಬಾಕಿಯಿತ್ತು.

ಆ ಕೊರತೆ ನೀಗಿದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಅಮೆರಿಕದ ಬೆಲ್ ಪ್ರಯೋಗಾಲಯ ಮನುಷ್ಯರ ಮಾತನ್ನು ಚಿತ್ರವಾಗಿಸುವ ಯಂತ್ರವೊಂದನ್ನು ರೂಪಿಸಿತು. ಯುದ್ಧ ಮುಗಿದ ಮೇಲೆ ಕೇ ಎಲೆಕ್ಟ್ರಿಕ್ ಎಂಬ ಕಂಪನಿ ಅದನ್ನು ಸೋನಾಗ್ರಾಫ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ತಿರುಗುವ ಉರುಳೆಗೆ ಸುತ್ತಿದ ವಿಶೇಷ ಕಾಗದವನ್ನು ಮುಳ್ಳೊಂದು ವಿದ್ಯುತ್ತಿನಿಂದ ಸುಡುತ್ತ ಹೋಗುತ್ತದೆ. ಎಡದಿಂದ ಬಲಕ್ಕೆ ಕಾಲ, ಕೆಳಗಿನಿಂದ ಮೇಲಕ್ಕೆ ಸ್ವರದ ಎತ್ತರ. ಸಿಳ್ಳೆಯಾದರೆ ತೆಳುವಾದ ಗೆರೆ, ಕಂಪಿಸುವ ಸ್ವರವಾದರೆ ಬಾಚಣಿಗೆಯ ಹಲ್ಲುಗಳಂತೆ ಸಾಲು. ಒಂದು ಚಿತ್ರ ಮೂಡಲು ಕೆಲವು ನಿಮಿಷ ಬೇಕು, ಕೋಣೆ ತುಂಬ ಸುಟ್ಟ ಕಾಗದದ ವಾಸನೆ. ಒಂದು ಹಾಳೆಯಲ್ಲಿ ಹಿಡಿಸುತ್ತಿದ್ದದ್ದು 2.4 ಸೆಕೆಂಡಿನಷ್ಟು ಧ್ವನಿ. ಇಂಗ್ಲೆಂಡಿನ ತೋಟಗಳಲ್ಲೆಲ್ಲ ಕಾಣುವ ಚಾಫಿಂಚ್ ಹಕ್ಕಿಯ ಹಾಡಿನ ಉದ್ದವೂ ಹೆಚ್ಚುಕಡಿಮೆ ಅಷ್ಟೇ. ಕಾಕತಾಳೀಯವೇ ಸರಿ, ಆದರೆ ಕೇಂಬ್ರಿಜ್‌ನ ವಿಲಿಯಂ ಹೋಮನ್ ಥಾರ್ಪ್ ಅವರಿಗೆ ಅದು ವರವಾಯಿತು.

ಥಾರ್ಪ್ ಮೂಲತಃ ಕೀಟಶಾಸ್ತ್ರಜ್ಞರು. 1930ರ ದಶಕದಲ್ಲಿ ಬೇರೆ ಹುಳುಗಳ ಮೈಯಲ್ಲಿ ಮೊಟ್ಟೆಯಿಡುವ ಪರಾವಲಂಬಿ ಕಣಜಗಳನ್ನು ಅಭ್ಯಾಸ ಮಾಡುವಾಗ ಅವರಿಗೊಂದು ವಿಷಯ ಹೊಳೆದಿತ್ತು. ಮರಿಹುಳುವಾಗಿದ್ದಾಗ ಯಾವ ಆತಿಥೇಯ ಹುಳುವಿನೊಳಗೆ ಬೆಳೆಯಿತೋ ಆ ಹುಳುವಿನ ವಾಸನೆಗೆ ಕಣಜ ದೊಡ್ಡದಾದ ಮೇಲೂ ಸೆಳೆತ ತೋರುತ್ತಿತ್ತು. ಎಳವೆಯಲ್ಲಿ ಸಿಕ್ಕ ವಾಸನೆ ಇಷ್ಟು ಕೆಲಸ ಮಾಡುವುದಾದರೆ ಎಳವೆಯಲ್ಲಿ ಕಿವಿಗೆ ಬಿದ್ದ ದನಿ ಎಷ್ಟು ಮಾಡೀತು? ಕ್ವೇಕರ್ ಪಂಥದ ಶಾಂತಿವಾದಿಯಾಗಿದ್ದ ಈ ಮಿತಭಾಷಿ 1950ರಲ್ಲಿ ಕೇಂಬ್ರಿಜ್ ಬಳಿಯ ಮ್ಯಾಡಿಂಗ್ಲಿ ಎಂಬ ಹಳ್ಳಿಯಲ್ಲಿ ಹಕ್ಕಿಗಳ ಅಧ್ಯಯನ ಕೇಂದ್ರ ತೆರೆದರು.

ಅಲ್ಲಿ ನಡೆದ ಕೆಲಸ ಮೇಲ್ನೋಟಕ್ಕೆ ಸರಳ. ಚಾಫಿಂಚ್ ಮರಿಗಳನ್ನು ದೊಡ್ಡ ಹಕ್ಕಿಯ ದನಿ ಕಿವಿಗೆ ಬೀಳದಂತೆ ಕೈತುತ್ತು ಕೊಟ್ಟು ಬೆಳೆಸುವುದು. ಮುಂದಿನ ವಸಂತದಲ್ಲಿ ಅವು ಹಾಡಿದಾಗ ಯಂತ್ರಕ್ಕೆ ಹಾಕಿ ನೋಡುವುದು. ಕಾಡಿನ ಚಾಫಿಂಚ್ ಹಾಡಿನಲ್ಲಿ ಮೆಟ್ಟಿಲಿಳಿದಂತೆ ಮೂರು ಭಾಗಗಳಿರುತ್ತವೆ, ಕೊನೆಯಲ್ಲೊಂದು ಕುಣಿತದ ಮುಕ್ತಾಯ. ಒಂಟಿಯಾಗಿ ಬೆಳೆದವುಗಳ ಹಾಡಿಗೆ ಉದ್ದವೇನೋ ಸರಿಯಾಗಿಯೇ ಇತ್ತು. ಆದರೆ ಭಾಗಗಳ ವಿಂಗಡಣೆ ಕಲಸಿಹೋಗಿತ್ತು, ಮುಕ್ತಾಯವಂತೂ ಇರಲೇ ಇಲ್ಲ. ಸುಟ್ಟ ಗೆರೆಗಳಲ್ಲಿ ಆ ವ್ಯತ್ಯಾಸ ಯಾರ ಕಣ್ಣಿಗೂ ಕಾಣುವಂತಿತ್ತು. ಕಿವಿ ಕಿವಿಗಳ ಜಗಳ ಅಲ್ಲಿಗೆ ಮುಗಿಯಿತು.

ಥಾರ್ಪ್ ಇನ್ನೊಂದು ಗುಂಪನ್ನೂ ಇಟ್ಟುಕೊಂಡಿದ್ದರು. ಇವು ಬೇಸಿಗೆಯಲ್ಲಿ ಕಾಡಿನಲ್ಲೇ ಹುಟ್ಟಿ, ದೊಡ್ಡವರ ಹಾಡು ಕೇಳಿ, ತಾವು ಒಂದು ಸ್ವರವನ್ನೂ ಹಾಡುವ ಮುಂಚೆ ಶರತ್ಕಾಲದಲ್ಲಿ ಬಲೆಗೆ ಬಿದ್ದ ಮರಿಗಳು. ಅಲ್ಲಿಂದ ಮುಂದೆ ಅವಕ್ಕೂ ಯಾರ ಹಾಡೂ ಕೇಳಲಿಲ್ಲ. ಆದರೂ ವಸಂತದಲ್ಲಿ ಅವುಗಳ ಹಾಡು ಹೆಚ್ಚುಕಡಿಮೆ ನೆಟ್ಟಗಿತ್ತು. ಅಂದರೆ ಹಾಡಲು ಬಾರದ ವಯಸ್ಸಿನಲ್ಲಿ ಕಿವಿಗೆ ಬಿದ್ದದ್ದನ್ನು ಮರಿ ತಿಂಗಳುಗಟ್ಟಲೆ ಒಳಗೆ ಇಟ್ಟುಕೊಂಡಿತ್ತು. ಮೂರನೆಯ ಗುಂಪಿನದು ಇನ್ನೂ ತಮಾಷೆ. ದೊಡ್ಡ ಹಕ್ಕಿಗಳಿಲ್ಲದೆ ಮರಿಮರಿಗಳನ್ನೇ ಒಟ್ಟಿಗೆ ಬೆಳೆಸಿದಾಗ ಅವೇ ಒಂದನ್ನೊಂದು ಕೇಳಿ, ಲೋಕದ ಯಾವ ಚಾಫಿಂಚ್‌ಗೂ ಇಲ್ಲದ ತಮ್ಮದೇ ವಿಚಿತ್ರ ಧಾಟಿಯೊಂದನ್ನು ಕಟ್ಟಿಕೊಂಡವು. ಆ ಕೋಣೆಯ ಎಲ್ಲವೂ ಅದನ್ನೇ ಹಾಡಿದವು. ಥಾರ್ಪ್ ಟೇಪ್ ಕತ್ತರಿಸಿ, ಮುಕ್ತಾಯವನ್ನು ಹಾಡಿನ ನಡುವಿಗೆ ತಂದು ಅಂಟಿಸಿ ಕೇಳಿಸಿದರೆ ಮರಿಗಳು ಅದನ್ನೂ ನಿಷ್ಠೆಯಿಂದ ಕಲಿತವು. ಈ ಕಲಿಕೆಯ ಬಾಗಿಲು ಸುಮಾರು 13 ತಿಂಗಳಿಗೆ ಮುಚ್ಚಿಕೊಳ್ಳುತ್ತಿತ್ತು. ಒಮ್ಮೆ ಹಾಡು ಗಟ್ಟಿಯಾಯಿತೆಂದರೆ ಜೀವಮಾನವಿಡೀ ಅದೇ.

ಇದೇ ಹೊತ್ತಿಗೆ ಇನ್ನೊಬ್ಬ ಯುವಕ ಯಾವ ಯಂತ್ರವೂ ಇಲ್ಲದೆ ಅದೇ ಹಕ್ಕಿಯ ಹಿಂದೆ ಬಿದ್ದಿದ್ದ. ಪೀಟರ್ ಮಾರ್ಲರ್ ಓದಿದ್ದು ಸಸ್ಯಶಾಸ್ತ್ರ, ಲಂಡನ್ನಿನಲ್ಲಿ ಡಾಕ್ಟರೇಟ್ ಪಡೆದದ್ದೂ ಅದರಲ್ಲೇ. ಕೆಲಸಕ್ಕೆಂದು ಇಂಗ್ಲೆಂಡಿನ, ಸ್ಕಾಟ್ಲೆಂಡಿನ ಸರೋವರಗಳ ಸುತ್ತ ಅಲೆಯುವಾಗ ಗಿಡಗಳಿಗಿಂತ ಹೆಚ್ಚಾಗಿ ಅವನ ಗಮನ ಸೆಳೆದದ್ದು ಕೊಂಬೆಗಳ ಮೇಲಿನ ಚಾಫಿಂಚ್‌ಗಳು. ಒಂದು ಕಣಿವೆಯಲ್ಲಿ ಕೇಳಿದ ಧಾಟಿ ಪಕ್ಕದ ಕಣಿವೆಯಲ್ಲಿ ಇರುತ್ತಿರಲಿಲ್ಲ. ಧಾರವಾಡದ ಕನ್ನಡ ಕೇಳಿದ ಕಿವಿಗೆ ಕುಂದಾಪುರದ್ದು ಬೇರೆಯೆಂದು ಯಾರೂ ಹೇಳಿಕೊಡಬೇಕಿಲ್ಲವಲ್ಲ, ಹಾಗೆ ಮಾರ್ಲರ್‌ಗೂ ಅದು ಕೇಳಿಬಿಟ್ಟಿತು. ತನ್ನದೇ ಗುರುತುಗಳಲ್ಲಿ ಅವನ್ನೆಲ್ಲ ಬರೆದುಕೊಂಡು 1952ರಲ್ಲಿ ಪ್ರಬಂಧ ಪ್ರಕಟಿಸಿದ. ಥಾರ್ಪ್ ಅವನನ್ನು ಕೇಂಬ್ರಿಜ್‌ಗೆ ಕರೆಸಿಕೊಂಡರು. ಎರಡನೆಯ ಡಾಕ್ಟರೇಟ್ ಪ್ರಾಣಿಶಾಸ್ತ್ರದಲ್ಲಿ ಬಂತು.

ಆ ವರ್ಷಗಳ ಗಾಳಿಯನ್ನೂ ಸ್ವಲ್ಪ ನೆನೆಯಬೇಕು. ಕಾನ್ರಾಡ್ ಲೊರೆನ್ಸ್ ಮೊದಲಾದ ಯುರೋಪಿನವರಿಗೆ ಪ್ರಾಣಿಯ ನಡವಳಿಕೆಯ ಬೇರು ಹುಟ್ಟುಗುಣದಲ್ಲಿತ್ತು. ಅಮೆರಿಕದ ಮನಶ್ಶಾಸ್ತ್ರಜ್ಞರಿಗೆ ಅಭ್ಯಾಸವೇ ಸರ್ವಸ್ವ. 1953ರಲ್ಲಿ ಡೇನಿಯಲ್ ಲೆರ್‌ಮನ್ ಎಂಬ ಅಮೆರಿಕನ್, ಲೊರೆನ್ಸ್ ಸಿದ್ಧಾಂತವನ್ನು ಎಳೆಎಳೆಯಾಗಿ ಬಿಡಿಸಿ ಖಂಡಿಸಿದ ಮೇಲೆ ಜಗಳ ಇನ್ನಷ್ಟು ಕಾವೇರಿತು. ಎರಡು ಬಣಗಳೂ ಒಂದೊಂದು ಉತ್ತರ ಹಿಡಿದು ಕೂತಿದ್ದಾಗ ಮಾರ್ಲರ್ 1957ರಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯ ಬರ್ಕ್ಲಿ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಚಾಫಿಂಚ್ ಇರಲಿಲ್ಲ. ಕ್ಯಾಂಪಸ್ಸಿನ ಪೊದೆಗಳಲ್ಲೇ ಇನ್ನೂ ಒಳ್ಳೆಯ ಹಕ್ಕಿ ಸಿಕ್ಕಿತು: ತಲೆಯ ಮೇಲೆ ಕಪ್ಪು-ಬಿಳುಪು ಪಟ್ಟೆಗಳಿರುವ ಬಿಳಿನೆತ್ತಿ ಸ್ಪ್ಯಾರೋ. ಹೆಸರು ಸ್ಪ್ಯಾರೋ ಆದರೂ ನಮ್ಮ ಮನೆಗುಬ್ಬಿಯ ಕುಟುಂಬದ್ದಲ್ಲ.

ಕ್ಯಾಲಿಫೋರ್ನಿಯಾ ಕರಾವಳಿಯ ಈ ಹಕ್ಕಿ ವಲಸೆ ಹೋಗುವುದಿಲ್ಲ. ಒಂದು ಗಂಡಿಗೆ ಸಾಮಾನ್ಯವಾಗಿ ಒಂದೇ ಹಾಡು: ಮೊದಲು ಸಿಳ್ಳೆ, ಆಮೇಲೆ ಕಂಪನ. ಆ ಕಂಪನದ ಭಾಗ ಊರಿಂದೂರಿಗೆ ಬೇರೆ. ಮಾರ್ಲರ್ ಮತ್ತು ಜಪಾನಿನಿಂದ ಬಂದಿದ್ದ ಮಿವಾಕೊ ತಮುರಾ ಮೂರು ಜಾಗಗಳನ್ನು ಆರಿಸಿಕೊಂಡರು: ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವಕ್ಕೆ ಬರ್ಕ್ಲಿ, ಉತ್ತರಕ್ಕೆ ಮ್ಯಾರಿನ್, ದಕ್ಷಿಣದಲ್ಲಿ ಸನ್‌ಸೆಟ್ ಬೀಚ್. ಮೂರೂ ಕಡೆಯ ಮರಿಗಳನ್ನು ಗೂಡಿನಿಂದ ತಂದು ಸದ್ದು ನುಗ್ಗದ ಪೆಟ್ಟಿಗೆಗಳಲ್ಲಿ ಒಂಟಿಯಾಗಿ ಬೆಳೆಸಿದರು. ದೊಡ್ಡವಾದ ಮೇಲೆ ಎಲ್ಲವೂ ಒಂದೇ ಬಗೆಯ ಬಡಕಲು ಹಾಡು ಹಾಡಿದವು. ಸಿಳ್ಳೆಯ ಛಾಯೆಯಿತ್ತು, ಊರಿನ ಗುರುತು ಅಳಿಸಿಹೋಗಿತ್ತು. ಆದರೆ ಒಂದರಿಂದ ಮೂರು ತಿಂಗಳ ವಯಸ್ಸಿನಲ್ಲಿ ಹಿಡಿದ ಮರಿಗಳು, ಆಗಿನ್ನೂ ಹಾಡು ಶುರುಮಾಡಿರದಿದ್ದರೂ, ಮುಂದೆ ತಮ್ಮೂರಿನ ಧಾಟಿಯನ್ನೇ ಹಾಡಿದವು. ಮೂರು ತಿಂಗಳಾದ ಮೇಲೆ ಪರವೂರಿನ ಧಾಟಿಯನ್ನು ಎಷ್ಟು ಕೇಳಿಸಿದರೂ ಅವು ಕಿವಿಗೆ ಹಾಕಿಕೊಳ್ಳಲಿಲ್ಲ. 1964ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅವರ ಪ್ರಬಂಧದ ಶೀರ್ಷಿಕೆಯಲ್ಲೇ ಸಂಸ್ಕೃತಿ ಎಂಬ ಮಾತಿತ್ತು. ಹಕ್ಕಿಗೆ ಸಂಸ್ಕೃತಿ! ಆ ಕಾಲಕ್ಕೆ ಅದು ಧೈರ್ಯದ ಮಾತು.

ಮುಂದಿನ ವರ್ಷಗಳಲ್ಲಿ ಮಾರ್ಲರ್ ಆ ಬಾಗಿಲಿನ ಅಳತೆ ತೆಗೆದರು. ಟೇಪಿನಲ್ಲಿ ಹಾಡು ಕೇಳಿಸುತ್ತ, ಯಾವ ವಯಸ್ಸಿನಲ್ಲಿ ಕೇಳಿದ್ದು ಅಂಟುತ್ತದೆಂದು ನೋಡಿದರು. 1970ರ ಪ್ರಬಂಧದಲ್ಲಿ ಉತ್ತರ ಬಂತು: ಮೊಟ್ಟೆಯೊಡೆದು 10ನೆಯ ದಿನದಿಂದ 50ನೆಯ ದಿನದವರೆಗೆ. ಸಾಂಗ್ ಸ್ಪ್ಯಾರೋ ಎಂಬ ಬೇರೆ ಜಾತಿಯ ಹಾಡನ್ನು ಅದೇ ದಿನಗಳಲ್ಲಿ ಕೇಳಿಸಿದರೆ ಮರಿ ಅದನ್ನು ಬಿಟ್ಟುಬಿಡುತ್ತಿತ್ತು. ಎರಡನ್ನೂ ಒಟ್ಟಿಗೆ ಕೇಳಿಸಿದರೆ ತನ್ನ ಜಾತಿಯದನ್ನಷ್ಟೇ ಹೆಕ್ಕಿಕೊಳ್ಳುತ್ತಿತ್ತು. ಕಲಿಯುವುದು ನಿಜ, ಆದರೆ ಏನನ್ನು ಕಲಿಯಬೇಕೆಂಬ ಒಲವು ಹುಟ್ಟಿನಿಂದಲೇ ಬಂದಿತ್ತು. ಲೊರೆನ್ಸ್ ಬಣಕ್ಕೂ ಎದುರು ಬಣಕ್ಕೂ ಇದು ಅರ್ಧರ್ಧ ಸಿಹಿ.

ಮರಿ ಹಾಡು ಕೇಳುವುದು ಮೊದಲ ಏಳು ವಾರಗಳಲ್ಲಿ, ತಾನು ಹಾಡಲು ತೊಡಗುವುದು ಐದಾರು ತಿಂಗಳ ಮೇಲೆ. ನಡುವಿನ ಆ ಮೌನದಲ್ಲಿ ಹಾಡು ಎಲ್ಲಿರುತ್ತದೆ? ಇದನ್ನು ಬಿಡಿಸಿದವರು ಮಾರ್ಲರ್ ಅವರ ವಿದ್ಯಾರ್ಥಿ ಮಸಕಾಜು ಕೊನಿಶಿ. ಕ್ಯೋಟೊ ನಗರದ ರೇಷ್ಮೆ ನೇಕಾರರ ಮನೆಯ ಒಬ್ಬನೇ ಮಗ, ಯುದ್ಧಕಾಲದ ಬಡತನದಲ್ಲಿ ಬೆಳೆದವರು. ಅವರು ಮಾಡಿದ್ದು ಕಠೋರ ಪ್ರಯೋಗ. ಇವತ್ತು ಓದುವಾಗಲೂ ಕೊಂಚ ಹಿಂಸೆಯಾಗುತ್ತದೆ. ಮರಿಗಳ ಒಳಗಿವಿಯ ಶಂಖವನ್ನು ತೆಗೆದು ಕಿವುಡಾಗಿಸಿದರು. ಕೆಲವಕ್ಕೆ ಮೊದಲು ಹಾಡು ಚೆನ್ನಾಗಿ ಕೇಳಿಸಿ, ಅವು ಹಾಡಲು ತೊಡಗುವ ಮುಂಚೆ ಕಿವುಡು ಮಾಡಿದರು. ಪಾಠ ಒಳಗಿದ್ದರೂ ಅವುಗಳ ಹಾಡು ಒಂಟಿಯಾಗಿ ಬೆಳೆದವುಗಳಿಗಿಂತ ಕಡೆಯಾಗಿತ್ತು, ಬರೀ ಗರಗರ ಚೀರಾಟ. ಹಾಡು ಗಟ್ಟಿಯಾದ ಮೇಲೆ ಕಿವುಡಾದವು ಮಾತ್ರ ಮೊದಲಿನಂತೆಯೇ ಹಾಡಿದವು.

1965ರಲ್ಲಿ ಪ್ರಕಟವಾದ ಈ ಫಲಿತಾಂಶದಿಂದ ಇಡೀ ಚಿತ್ರ ಬದಲಾಯಿತು. ಮರಿ ಮೊದಲು ಕೇಳಿ ಒಳಗೊಂದು ಅಚ್ಚು ಕೂರಿಸಿಕೊಳ್ಳುತ್ತದೆ. ತಿಂಗಳುಗಳ ನಂತರ ತೊದಲಲು ತೊಡಗಿ, ತನ್ನ ದನಿಯನ್ನು ತಾನೇ ಕೇಳುತ್ತ, ಒಳಗಿನ ಅಚ್ಚಿಗೆ ಹೋಲಿಸುತ್ತ, ತಿದ್ದುತ್ತ ಸಾಗುತ್ತದೆ. ಕೇಳಲು ಮಾದರಿಯೇ ಸಿಗದಿದ್ದರೆ ಹುಟ್ಟಿನಿಂದ ಬಂದ ಒರಟು ಅಚ್ಚೊಂದು ಇದ್ದೇ ಇರುತ್ತದೆ; ಒಂಟಿ ಮರಿಯ ಬಡಕಲು ಹಾಡು ಅದರದೇ. ಕಿವುಡು ಮರಿಗೆ ಅದಕ್ಕೆ ಹೋಲಿಸಿಕೊಳ್ಳುವ ದಾರಿಯೂ ಇಲ್ಲ. ಲಂಡನ್ನಿನ ಹಕ್ಕಿ ಹಿಡಿಯುವವರು ಕೇಳಿಸಿಕೊಂಡಿದ್ದ ಗೊಣಗಾಟದ ಹಿಂದೆ ನಡೆಯುತ್ತಿದ್ದದ್ದು ಈ ಸಾಧನೆ.

ಕೊನಿಶಿ ಕೋಳಿಮರಿಗಳನ್ನೂ ಕಿವುಡಾಗಿಸಿ ನೋಡಿದ್ದರು. ಅವುಗಳ ಕೂಗಿಗೆ ಏನೂ ಆಗಲಿಲ್ಲ. ಪಾರಿವಾಳದ ಬಳಗದ ಹಕ್ಕಿಗಳಲ್ಲೂ ಹಾಗೆಯೇ ಎಂದು ಮುಂದೆ ತಿಳಿಯಿತು. ದನಿಯನ್ನು ಕೇಳಿ ಕಲಿಯುವ ಹಕ್ಕಿಗಳೆಂದು ಖಚಿತವಾಗಿ ಗೊತ್ತಿರುವ ದೊಡ್ಡ ಗುಂಪುಗಳು ಮೂರೇ: ಹಾಡುಹಕ್ಕಿಗಳು, ಗಿಳಿಗಳು, ಹಮ್ಮಿಂಗ್‌ಬರ್ಡ್‌ಗಳು. ಕೋಗಿಲೆಯ ಬಳಗ ಈ ಪಟ್ಟಿಯಲ್ಲಿಲ್ಲ. ಕೋಗಿಲೆಯ ಮರಿ ಕಾಗೆಯ ಗೂಡಿನಲ್ಲಿ, ಕಾಗೆಯ ತುತ್ತು ತಿಂದು, ದಿನವಿಡೀ ಕಾ ಕಾ ಕೇಳುತ್ತ ಬೆಳೆಯುತ್ತದೆ. ವಸಂತ ಬಂದಾಗ ಕುಹೂ ಎನ್ನುತ್ತದೆ. ಅದಕ್ಕೆ ಪಾಠ ಬೇಕಿಲ್ಲ, ಪಾಠ ಬೇಕಿದ್ದರೆ ಬದುಕುವಂತೆಯೂ ಇಲ್ಲ. ನಮ್ಮ ಕವಿಗಳು ಗಾನಕ್ಕೆಂದು ಹೊಗಳಿ ಸಾಕಾಗದ ಹಕ್ಕಿ ಒಂದು ಸ್ವರವನ್ನೂ ಕಲಿತದ್ದಲ್ಲ. ಅದು ಯಾರ ಗೂಡಿನಲ್ಲಿ ಬೆಳೆಯುತ್ತದೋ ಆ ಕಾಗೆ, ಕಿವಿ ಒಪ್ಪಲಿ ಬಿಡಲಿ, ವರ್ಗೀಕರಣದ ಪ್ರಕಾರ ಹಾಡುಹಕ್ಕಿ.

ಮತ್ತೆ ಕ್ಯಾಲಿಫೋರ್ನಿಯಾಕ್ಕೆ. ‘10ರಿಂದ 50ನೆಯ ದಿನ’ ಎಂಬುದು ಪಠ್ಯಪುಸ್ತಕ ಸೇರಿತು. ಮಕ್ಕಳು ಭಾಷೆ ಕಲಿಯಲೂ ಇಂಥದೇ ಕಾಲಮಿತಿ ಇರಬಹುದೆಂದು ಎರಿಕ್ ಲೆನೆಬರ್ಗ್ 1967ರಲ್ಲಿ ವಾದಿಸಿದ್ದರಿಂದ ಹಕ್ಕಿಯ ಲೆಕ್ಕಕ್ಕೆ ಇನ್ನಷ್ಟು ತೂಕ ಬಂತು. ಅಂಕಿ ಅಚ್ಚುಕಟ್ಟಾಗಿತ್ತು. ಅಚ್ಚುಕಟ್ಟಾದ ಅಂಕಿಯ ತೊಂದರೆಯೆಂದರೆ, ಅದನ್ನು ಯಾವ ಸನ್ನಿವೇಶದಲ್ಲಿ ಅಳೆದದ್ದು ಎಂಬುದು ಬೇಗ ಮರೆತುಹೋಗುತ್ತದೆ. ಅಳೆದದ್ದು ಪೆಟ್ಟಿಗೆಯೊಳಗೆ ಒಂಟಿಯಾಗಿದ್ದ ಮರಿಗೆ ಸ್ಪೀಕರಿನಲ್ಲಿ ಟೇಪ್ ಹಾಕಿ. ಟೇಪು ಮರಿಯನ್ನು ನೋಡುವುದಿಲ್ಲ, ಅದು ತೊದಲಿದಾಗ ತಿರುಗಿ ಉತ್ತರ ಕೊಡುವುದಿಲ್ಲ, ಹತ್ತಿರ ಬಂದರೆ ಗದರುವುದೂ ಇಲ್ಲ. ಗುರುಮುಖೇನ ಕಲಿಯಬೇಕಾದ ವಿದ್ಯೆಯನ್ನು ಗುರುವಿನ ಮುಖವನ್ನೇ ಮರೆಮಾಡಿ ಪರೀಕ್ಷಿಸಿದಂತಾಗಿತ್ತು.

ಇದನ್ನು ಎತ್ತಿ ತೋರಿಸಿದವರು ಲೂಯಿಸ್ ಬ್ಯಾಪ್ಟಿಸ್ಟಾ. 1941ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಪೋರ್ಚುಗೀಸ್-ಚೀನೀ ಮನೆತನದಲ್ಲಿ ಹುಟ್ಟಿದ ಇವರು ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ಅಕಾಡೆಮಿ ಆಫ್ ಸೈನ್ಸಸ್‌ನಲ್ಲಿ ಪಕ್ಷಿವಿಭಾಗದ ಕ್ಯುರೇಟರ್ ಆಗಿದ್ದರು. ಆ ನಗರದ ಬಿಳಿನೆತ್ತಿ ಸ್ಪ್ಯಾರೋಗಳ ಧಾಟಿಗಳನ್ನು ಬಡಾವಣೆ ಬಡಾವಣೆಯಾಗಿ ನಕ್ಷೆ ಮಾಡಿದ ಕಿವಿ ಅವರದು. ಮನಶ್ಶಾಸ್ತ್ರಜ್ಞ ಲೂಯಿಸ್ ಪೆಟ್ರಿನೊವಿಚ್ ಜೊತೆ ಸೇರಿ ಅವರು ಮಾರ್ಲರ್ ಪ್ರಯೋಗವನ್ನು ಮರುಮಾಡಿದರು, ಒಂದೇ ಬದಲಾವಣೆಯೊಂದಿಗೆ. ಮರಿಗಳಿಗೆ 50 ದಿನ ತುಂಬಲು ಬಿಟ್ಟು, ಲೆಕ್ಕದ ಪ್ರಕಾರ ಬಾಗಿಲು ಮುಚ್ಚಿದ ಮೇಲೆ, ಪಕ್ಕದ ಪಂಜರದಲ್ಲಿ ಟೇಪಿನ ಬದಲು ಜೀವಂತ ಹಕ್ಕಿಯನ್ನು ಇಟ್ಟರು.

ಮರಿಗಳು ಕಲಿತವು. ತಮ್ಮ ಜಾತಿಯ ಹಾಡನ್ನಷ್ಟೇ ಅಲ್ಲ, ಟೇಪಿನಲ್ಲಿ ಕೇಳಿಸಿದಾಗ ತಿರಸ್ಕರಿಸಿದ್ದ ಬೇರೆ ಜಾತಿಯ ಹಾಡುಗಳನ್ನೂ ಕಲಿತವು. ಗುರುವಾಗಿ ಕೂತಿದ್ದ ಹಕ್ಕಿಗಳಲ್ಲಿ ಒಂದು ಅಮೆರಿಕದ್ದೇ ಅಲ್ಲ. ಪಂಜರಹಕ್ಕಿ ವ್ಯಾಪಾರದವರು ಸ್ಟ್ರಾಬೆರಿ ಫಿಂಚ್ ಎಂದು ಕರೆಯುವ ಅದು ನಮ್ಮ ಕೆಂಪು ರಾಟವಾಳ. ಕೆರೆಯಂಚಿನ ಜೊಂಡಿನಲ್ಲಿ, ಕಬ್ಬಿನ ಗದ್ದೆಗಳ ಬದುವಿನಲ್ಲಿ ಗುಂಪುಗಟ್ಟುವ, ಸಂತಾನಕಾಲದಲ್ಲಿ ಗಂಡಿನ ಮೈಯೆಲ್ಲ ಕೆಂಪಾಗಿ ಬಿಳಿ ಚುಕ್ಕಿಗಳಿಂದ ತುಂಬಿಕೊಳ್ಳುವ ಪುಟ್ಟ ಹಕ್ಕಿ. ಅದರ ವೈಜ್ಞಾನಿಕ ಹೆಸರು ಅಮಂದಾವ ಬಂದದ್ದು ಅಹಮದಾಬಾದ್ ಊರಿನಿಂದ, ಹಿಂದೆ ಯುರೋಪಿಗೆ ಈ ಹಕ್ಕಿಗಳು ಸಾಗಣೆಯಾಗುತ್ತಿದ್ದದ್ದು ಅಲ್ಲಿಂದ. ಕೋಣೆಯ ಆಚೆ ಬದಿಯಿಂದ ಸ್ವಜಾತಿಯ ಹಾಡು ಕೇಳಿಬರುತ್ತಿದ್ದರೂ, ಅಮೆರಿಕದ ಸ್ಪ್ಯಾರೋ ಮರಿ ತನ್ನ ಕಣ್ಣೆದುರಿಗಿದ್ದ ಈ ಪರದೇಶಿಯ ಹಾಡನ್ನೇ ಎತ್ತಿಕೊಂಡಿತು. 1984ರಲ್ಲಿ ಇದು ಪ್ರಕಟವಾದಾಗ ಸಾಕಷ್ಟು ಚರ್ಚೆಯಾಯಿತು, ಸೂಕ್ಷ್ಮ ಆಕ್ಷೇಪಗಳೂ ಬಂದವು. ಎಳವೆಯ ದಿನಗಳ ಮಹತ್ವವನ್ನು ಬ್ಯಾಪ್ಟಿಸ್ಟಾ ಅಲ್ಲಗಳೆಯಲಿಲ್ಲ. ಬಾಗಿಲು ಎಷ್ಟು ಹೊತ್ತು ತೆರೆದಿರುತ್ತದೆಂಬುದು ಆಚೆ ನಿಂತವರು ಯಾರು ಎಂಬುದನ್ನೂ ಅವಲಂಬಿಸಿದೆ ಎಂದರು.

ಇಂಥದೊಂದು ಸುಳಿವು ಜರ್ಮನಿಯಿಂದ ಆಗಲೇ ಬಂದಿತ್ತು. ಆಸ್ಟ್ರೇಲಿಯಾ ಮೂಲದ ಜೀಬ್ರಾ ಫಿಂಚ್ ಮರಿಗಳನ್ನು ಕ್ಲೌಸ್ ಇಮೆಲ್‌ಮನ್ 1960ರ ದಶಕದಲ್ಲಿ ಬೆಂಗಾಲೀಸ್ ಫಿಂಚ್ ಎಂಬ ಸಾಕುಹಕ್ಕಿಯ ಮಡಿಲಿಗೆ ಹಾಕಿದ್ದರು. ಅದೇ ಕೋಣೆಯಲ್ಲಿ ಸ್ವಜಾತಿಯವು ಹಾಡುತ್ತಿದ್ದರೂ ಮರಿಗಳು ತುತ್ತು ಕೊಟ್ಟವರ ಹಾಡನ್ನೇ ಕಲಿತವು. ಬೆಂಗಾಲೀಸ್ ಫಿಂಚ್ ಹೆಸರಿನಲ್ಲಷ್ಟೇ ಬಂಗಾಳವಿದೆ. ಜಪಾನಿನಲ್ಲಿ ಸುಮಾರು 250 ವರ್ಷ ಪಂಜರದಲ್ಲಿ ಸಾಕಿ ಬೆಳೆಸಿದ ತಳಿ ಅದು, ಮೂಲ ಜಾತಿ ಬಿಳಿಬೆನ್ನಿನ ರಾಟವಾಳ; ಅದರ ಬಳಗ ನಮ್ಮ ಮಲೆನಾಡಿನಲ್ಲೂ ಇದೆ.

ಹೀಗೆ ಎಲ್ಲವೂ ಕೇಳಿದ್ದರ ಮೇಲೇ ನಿಂತಿದ್ದರೆ, ಏನನ್ನೂ ಕೇಳದ ಹಕ್ಕಿಗಳ ಸಂತತಿಯ ಗತಿಯೇನು? ಥಾರ್ಪ್ ಕೋಣೆಯ ಮರಿಗಳು ಕಟ್ಟಿಕೊಂಡ ವಿಚಿತ್ರ ಧಾಟಿ ಮುಂದಿನ ಪೀಳಿಗೆಗೆ ದಾಟಿದ್ದರೆ ಏನಾಗುತ್ತಿತ್ತೆಂದು ಅವರು ನೋಡಲಿಲ್ಲ. 2009ರಲ್ಲಿ ನ್ಯೂಯಾರ್ಕಿನ ಓಲ್ಗಾ ಫೆಹೆರ್, ಓಫರ್ ಚೆರ್ನಿಖೊವ್‌ಸ್ಕಿ, ಪಾರ್ಥ ಮಿತ್ರಾ ಮೊದಲಾದವರು ನೋಡಿದರು. ಒಂಟಿಯಾಗಿ ಬೆಳೆದ ಜೀಬ್ರಾ ಫಿಂಚ್‌ನ ಕೆಟ್ಟ ಹಾಡನ್ನು ಮರಿಗಳಿಗೆ ಮಾದರಿಯಾಗಿ ಕೊಟ್ಟರು. ಆ ಮರಿಗಳು ಅದನ್ನು ಕಲಿಯುವಾಗಲೇ ಚೂರು ತಿದ್ದಿದವು, ಅವುಗಳ ಶಿಷ್ಯರು ಇನ್ನಷ್ಟು. ಮೂರು-ನಾಲ್ಕು ಪೀಳಿಗೆಯಲ್ಲಿ ಹಾಡು ಕಾಡಿನ ಜೀಬ್ರಾ ಫಿಂಚ್‌ನದಕ್ಕೆ ಬಹಳ ಹತ್ತಿರ ಬಂದಿತ್ತು. ಮಾರ್ಲರ್ ಹೇಳಿದ್ದ ಹುಟ್ಟಿನ ಒಲವು ಒಂದು ಮರಿಯಲ್ಲಿ ಕಾಣದಷ್ಟು ಸಣ್ಣದು. ಪೀಳಿಗೆಗಳ ಮೇಲೆ ಕೂಡುತ್ತ ಹೋದಾಗ ಅದರ ಬಲ ಗೊತ್ತಾಗುತ್ತದೆ.

ಕೇಳಿಕೆಯ ಆರಂಭವನ್ನೂ ಈಚಿನವರು ಹಿಂದಕ್ಕೆ ತಳ್ಳಿದ್ದಾರೆ. ಆಸ್ಟ್ರೇಲಿಯಾದ ಸುಪರ್ಬ್ ಫೇರಿರೆನ್ ತಾಯಿ ಕಾವು ಕೂತಲ್ಲೇ ಮೊಟ್ಟೆಗಳಿಗೆ ಕೂಗು ಕೇಳಿಸುತ್ತದೆ, ಹೊರಬಂದ ಮರಿಗಳ ಹಸಿವಿನ ಕೂಗಿನಲ್ಲಿ ಅದೇ ಸ್ವರವಿರುತ್ತದೆ ಎಂದು ಡಯಾನ್ ಕೊಲಂಬೆಲಿ ನೆಗ್ರೆಲ್, ಸೋನಿಯಾ ಕ್ಲೈನ್‌ಡಾರ್ಫರ್ ಮೊದಲಾದವರು 2012ರಲ್ಲಿ ತೋರಿಸಿದರು. ಆ ಗೂಡಿನಲ್ಲಿ ಕಳ್ಳತನದಿಂದ ಮೊಟ್ಟೆಯಿಟ್ಟ ಕೋಗಿಲೆ ಬಳಗದ ಮರಿಗೆ ಆ ಗುಟ್ಟಿನ ಸ್ವರ ಬರುವುದಿಲ್ಲ.

ಅದೇ ದೇಶದಲ್ಲಿ ಈ ಇಡೀ ಇತಿಹಾಸ ತುರ್ತಿನ ವಿಷಯವಾಗಿದೆ. ರೀಜೆಂಟ್ ಹನಿಈಟರ್ ಎಂಬ ಕಪ್ಪು-ಹಳದಿಯ ಹಕ್ಕಿ ಒಂದು ಕಾಲಕ್ಕೆ ಆಗ್ನೇಯ ಆಸ್ಟ್ರೇಲಿಯಾದ ಕಾಡುಗಳಲ್ಲಿ ದೊಡ್ಡ ಹಿಂಡುಗಳಲ್ಲಿತ್ತು. ಕಾಡು ಹೋಯಿತು, ಹಕ್ಕಿ ಕೆಲವು ನೂರಕ್ಕೆ ಇಳಿಯಿತು. ಉಳಿದವು ವಿಶಾಲ ಪ್ರದೇಶದಲ್ಲಿ ಚದುರಿಹೋಗಿ, ಎಳೆಯ ಗಂಡಿಗೆ ಕೇಳಲು ಹತ್ತಿರದಲ್ಲಿ ಹಿರಿಯನೇ ಇಲ್ಲ. ರಾಸ್ ಕ್ರೇಟ್ಸ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಕಾಡಿನ ಗಂಡುಗಳಲ್ಲಿ ಶೇಕಡ 12ರಷ್ಟು ತಮ್ಮ ಜಾತಿಯ ಹಾಡನ್ನೇ ಅರಿಯದೆ ಬೇರೆ ಹಕ್ಕಿಗಳ ದನಿ ಅನುಕರಿಸುತ್ತಿದ್ದವು. ನೈಟನ್ನಿನ ಗೋಲ್ಡ್‌ಫಿಂಚ್‌ಗೆ ರೆನ್ ಸಿಕ್ಕಂತೆ ಇವಕ್ಕೂ ಯಾರೋ ಸಿಕ್ಕಿದ್ದರು. ಅಂಥ ಗಂಡುಗಳಿಗೆ ಜೋಡಿ ಸಿಗುವುದೂ ಕಷ್ಟ.

ಸಿಡ್ನಿಯ ಟರೊಂಗಾ ಮೃಗಾಲಯದಲ್ಲಿ ಈ ಹಕ್ಕಿಯನ್ನು ಸಾಕಿ ಕಾಡಿಗೆ ಬಿಡುವ ಯೋಜನೆಯಿದೆ. ಅಲ್ಲಿ ಹುಟ್ಟಿದ ಮರಿಗಳಿಗೆ ಕಾಡಿನ ಹಾಡು ಕಲಿಸಲು ಮೊದಲು ಧ್ವನಿಮುದ್ರಿಕೆ ಹಾಕಿದರು. ಅದರಿಂದ ನಿರೀಕ್ಷಿಸಿದ ಫಲ ಸಿಗಲಿಲ್ಲ. ಆಮೇಲೆ ಕಾಡಿನಲ್ಲಿ ಹುಟ್ಟಿ ಬೆಳೆದ ಗಂಡುಗಳನ್ನು ತಂದು ಮರಿಗಳ ನಡುವೆ ಮೇಷ್ಟ್ರಾಗಿ ಕೂರಿಸಿದರು. ಒಬ್ಬ ಮೇಷ್ಟ್ರಿಗೆ ವಿಪರೀತ ಮಕ್ಕಳಾದಾಗ ಕಲಿಕೆ ಕೆಡುವುದನ್ನು ಕಂಡು ತರಗತಿಗಳನ್ನು ಚಿಕ್ಕದು ಮಾಡಿದರು. ಕಾಡಿನಲ್ಲಿ ಅಳಿದುಹೋಗುತ್ತಿದ್ದ ಬ್ಲೂ ಮೌಂಟನ್ಸ್ ಸೀಮೆಯ ಹಳೆಯ, ಪೂರ್ಣ ಹಾಡನ್ನು ಆಗ ಹಲವು ಮರಿಗಳು ಕಲಿತವು. ಹಾಗೆ ಕಲಿತ ಗಂಡುಗಳೇ ಈಗ ಮುಂದಿನ ಮರಿಗಳಿಗೆ ಪಾಠ ಹೇಳುತ್ತಿವೆ.